ಚಾಲಕನ ಅಜಾಗರೂಕತೆಯೇ ಕಾರಣ

ಸೋಮವಾರ, 3. ಬೆಳಿಗ್ಗೆ 7

ಕೆಳಗಿನ ಮನೆಯ ಡ್ರೈವರಣ್ಣ ಇವತ್ತೂ ಮೆಟ್ಟಿಲ ಮೇಲೆ ಕೂತು ಪೇಪರಿನಲ್ಲಿ ನಾನು ಬರೆದ ಸುದ್ದಿ ಗಟ್ಟಿಯಾಗಿ ಓದಿದರು. ನೀರಿನ ಪೈಪ್ ಒಡೆದದ್ದು. ನಾಲ್ಕೇ ಸಾಲು.

"ತಂಗೀ, ನೀನು ಬರೆದ್ರೆ ಕಣ್ಣಿಗೆ ಕಟ್ಟಿದ ಹಾಗಿರುತ್ತೆ ನೋಡು."

ಒಡೆದ ಪೈಪು ಕಣ್ಣಿಗೆ ಕಟ್ಟಿ ಏನಾಗಬೇಕೋ! ಆದರೂ ಖುಷಿಯಾಯಿತು. ಹೆಸರಿಲ್ಲದ ಸುದ್ದಿಗಳಲ್ಲಿ ನನ್ನದು ಯಾವುದು ಅಂತ ಕೇಳುವವರು ಇವರೊಬ್ಬರೇ. ಒಂಬತ್ತು ವರ್ಷವಾಯಿತು ಈ ಊರಿಗೆ ಬಂದು. ಫೋನ್ ಮಾಡುವವರೆಂದರೆ ಆಫೀಸು, ಪೊಲೀಸ್ ಸ್ಟೇಷನ್ನು.

ಬುಧವಾರ, 5. ಸಂಜೆ 6

ಇಳಿಜಾರಿನಲ್ಲಿ ಬಸ್ಸು ಗೋಡೆಗೆ ಗುದ್ದಿದೆ. ಇಬ್ಬರಿಗೆ ಗಾಯ. ಇನ್‌ಸ್ಪೆಕ್ಟರ್ ಫೋನಲ್ಲಿ ಹೇಳಿದ್ದು ಇಷ್ಟೇ. ಪೇಜ್ ಮುಗಿಸಲು ಹತ್ತು ನಿಮಿಷವಿತ್ತು. ಆರು ಸಾಲು ಬರೆದು ಕಳಿಸಿದೆ. ಅಪಘಾತ ಬರೆಯುವುದು ಈಗ ನೀರು ಕುಡಿದಷ್ಟು ಸುಲಭ.

ಗುರುವಾರ, 6

ಮೆಟ್ಟಿಲ ಮೇಲೆ ಯಾರೂ ಇಲ್ಲ. ಬಾಗಿಲು ತಟ್ಟಿದೆ. ಡ್ರೈವರಣ್ಣನ ಹಣೆಗೆ ಬ್ಯಾಂಡೇಜು... ಆ ಬಸ್ಸು ಓಡಿಸುತ್ತಿದ್ದವರು ಇವರೇ. ಸಸ್ಪೆಂಡ್ ಮಾಡಿದ್ದಾರೆ. ಬ್ರೇಕ್ ಸರಿಯಾಗಿ ಹಿಡಿಯುತ್ತಿಲ್ಲ ಅಂತ ಮೂರು ದಿನದಿಂದ ಡಿಪೋ ಪುಸ್ತಕದಲ್ಲಿ ಬರೆಯುತ್ತಿದ್ದರಂತೆ.

ಪೇಪರ್ ತೋರಿಸಿದರು. "ಇದು ನಿಂದೇನಾ?"

ಕೊನೆಯ ಸಾಲು — 'ಚಾಲಕನ ಅಜಾಗರೂಕತೆಯೇ ಅಪಘಾತಕ್ಕೆ ಕಾರಣ.'

"ಹೂಂ" ಅಂದೆ. ಮೇಲೆ ಓಡಿ ಬಂದೆ.

ಇನ್‌ಸ್ಪೆಕ್ಟರ್ ಅದನ್ನು ಹೇಳಿರಲಿಲ್ಲ. ಯಾರೂ ಹೇಳಿರಲಿಲ್ಲ. ಕೈ ತಾನೇ ಬರೆದಿತ್ತು. ಯಾರು, ಏನು, ಎಲ್ಲಿ, ಯಾವಾಗ, ಹೇಗೆ, ಯಾಕೆ — 'ಯಾಕೆ' ಖಾಲಿ ಬಿಡಬಾರದು ಅಂತ ಕೆಲಸಕ್ಕೆ ಸೇರಿದಾಗ ಕಲಿಸಿದ್ದರು. ಅಂದಿನಿಂದ ಎಲ್ಲ ಅಪಘಾತಕ್ಕೂ ಇದೇ ಬಾಲ ಅಂಟಿಸಿದ್ದೇನೆ.

ಶುಕ್ರವಾರ, 7

ತಿದ್ದುಪಡಿ ಹಾಕೋಣ ಅಂದೆ. ಚೀಫ್ ನಕ್ಕರು. "ಅವನ ಹೆಸರು ಹಾಕಿದ್ದೀವಾ? ಯಾರಾದ್ರೂ ದೂರು ಕೊಟ್ಟಿದ್ದಾರಾ? ಸುಮ್ನಿರಲಾರದೆ ಇರುವೆ ಬಿಟ್ಕೋಬೇಡ."

ಸೋಮವಾರ ಡಿಪೋದಲ್ಲಿ ವಿಚಾರಣೆ. ಅಷ್ಟರೊಳಗೆ ಡ್ರೈವರಣ್ಣನಿಗಾದರೂ ನಿಜ ಹೇಳಬೇಕು. ಆದರೂ ಅವರ ಬಾಗಿಲ ಮುಂದೆ ಚಪ್ಪಲಿ ಕೈಲಿ ಹಿಡಿದು ಸದ್ದಾಗದಂತೆ ಮೆಟ್ಟಿಲು ಹತ್ತಿದೆ. ಥೂ, ನನ್ನ ಜನ್ಮಕ್ಕೆ.

ಭಾನುವಾರ, 9

ಹೇಳಲಿಲ್ಲ. ಅವರೂ ನನ್ನನ್ನು ನಂಬದಿದ್ದರೆ ನನಗೆ ಇನ್ಯಾರಿದ್ದಾರೆ?

ಸೋಮವಾರ, 10. ಸಂಜೆ 5

ಕೊನೆಗೂ ಕೆಳಗೆ ಹೋದೆ. ವಿಚಾರಣೆ ಮುಗಿಸಿ ಆಗಲೇ ಬಂದಿದ್ದರು.

"ತಪ್ಪು ನಂದೇ ಅಂತ ಸೈನ್ ಹಾಕಿ ಬಂದೆ ತಂಗೀ."

"ಯಾಕಣ್ಣಾ? ಬ್ರೇಕು..."

"ನಾನೂ ಬ್ರೇಕೇ ಅಂದ್ಕೊಂಡಿದ್ದೆ. ಆದ್ರೆ ನೀನು ನಾಲ್ಕು ಜನರನ್ನ ವಿಚಾರಿಸಿಯೇ ಬರೆದಿರ್ತೀಯ. ಎಲ್ಲೋ ನನ್ನ ಕಣ್ಣೇ ತಪ್ಪಿರಬೇಕು."

ಹೇಳಿಬಿಟ್ಟೆ. ಯಾರನ್ನೂ ವಿಚಾರಿಸಿಲ್ಲ ಅಣ್ಣಾ. ಅಭ್ಯಾಸಬಲ. ನಾಳೆ ಡಿಪೋಗೆ ನಾನೂ ಬರ್ತೀನಿ, ಬರೆದುಕೊಡ್ತೀನಿ.

ಎದ್ದು ಬಾಗಿಲ ಹತ್ತಿರ ಹೋದರು.

"ಇನ್ನೆಷ್ಟು ಜನ ಡ್ರೈವರ್‌ಗಳ ಬಗ್ಗೆ ಹೀಗೆ ಬರೆದಿದ್ದೀರಿ?"

ತಂಗಿ ಅನ್ನಲಿಲ್ಲ. ಬರೆದಿದ್ದೀರಿ ಅಂದರು. ಬಾಗಿಲು ಹಾಕಿಕೊಂಡರು.

ಮೇಲೆ ಬಂದು ನೆನಪು ಮಾಡಿಕೊಳ್ಳುತ್ತಿದ್ದೇನೆ. ಮೊದಲ ವರ್ಷ, ಸೇತುವೆ ಹತ್ತಿರ ಲಾರಿ. ಆ ಡ್ರೈವರ್ ಬದುಕಲಿಲ್ಲ. ಅವನ ಮನೆಗೆ ನಮ್ಮ ಪೇಪರ್ ಬರುತ್ತಿತ್ತೋ ಏನೋ. ಆಮೇಲೆ ಸ್ಕೂಲ್ ವ್ಯಾನು. ಆಮೇಲೆ ಆ ಹಾಲಿನ ಗಾಡಿ. ಆಮೇಲೆ