ತಾವಾಗಿಯೇ ಮಿಡಿಯುವ ಕೋಶಗಳು

ಅತೀಕಾ,

ಇವತ್ತು ಶಿವಮೊಗ್ಗದಲ್ಲಿ ಡಾಕ್ಟರು ನನ್ನ ಸ್ಕ್ಯಾನ್ ನೋಡಿದರು. ಮದುವೆಯೇ ಆಗದ ನನಗೆ ಎದೆಹಾಲು ಒಸರುತ್ತಿರುವುದಕ್ಕೆ ಕಾರಣ, ಮಿದುಳಿನ ಬುಡದ ಪಿಟ್ಯೂಟರಿ ಗ್ರಂಥಿಯಲ್ಲಿರುವ ಸಣ್ಣ ಗಂಟು.

"ಈ ಕೋಶಗಳು ಯಾರ ಅಪ್ಪಣೆಗೂ ಕಾಯಲ್ಲಮ್ಮ," ಎಂದರು. "ಅವುಗಳ ಪಾಡಿಗೆ ಬಿಟ್ರೆ ತಾವೇ ಕರೆಂಟಿನ ಹಾಗೆ ಮಿಡೀತಾ, ಹಾಲಿನ ಹಾರ್ಮೋನ್ ಬಿಡ್ತಾನೇ ಇರ್ತವೆ. ಮಿದುಳಿನಿಂದ ಡೋಪಮಿನ್ ಅನ್ನೋ ರಾಸಾಯನಿಕ ಬಂದು ಪೊಟ್ಯಾಸಿಯಂ ಹೊರಗೆ ಹೋಗೋ ಬಾಗಿಲು ತೆಗೆದ್ರೇನೇ ತಣ್ಣಗಾಗೋದು. ಆ ಕೆಲಸ ಇನ್ಮೇಲೆ ಈ ಮಾತ್ರೆ ಮಾಡುತ್ತೆ."

ಶುರುವಾಗಿ ಎಷ್ಟು ದಿನವಾಯಿತೆಂದು ಕೇಳಿದರು. ಒಂಬತ್ತು ವರ್ಷ ಎಂದೆ. ಬರೆಯುವುದನ್ನು ನಿಲ್ಲಿಸಿದರು. "ಯಾರಿಗೂ ಹೇಳ್ಲಿಲ್ವಾ?"

ಭದ್ರಾವತಿಯ ನಿಮ್ಮ ಮನೆಯಲ್ಲಿ ನನ್ನ ಒದ್ದೆ ರವಿಕೆಯನ್ನು ಮೊದಲು ಕಂಡವಳು ನೀನು. "ನಡಿಯೇ ಮಾರಾಯ್ತಿ, ಡಾಕ್ಟರ್ ಹತ್ರ ಹೋಗೋಣ, ನಾನೂ ಬರ್ತೀನಿ. ನಾಚಿಕೆ ಆಮೇಲೆ ಪಡ್ವಂತೆ," ಎಂದಿದ್ದೆ ನೀನು. ನಾನು ಗುಟ್ಟಾಗಿ ಹೆತ್ತಿದ್ದೇನೆಂದು ನೀನು ಶಂಕಿಸಿದೆ ಅಂದುಕೊಂಡೆ. ಮತ್ತೆ ನಿಮ್ಮ ಮನೆಗೆ ಬರಲಿಲ್ಲ, ನಿನ್ನ ನಿಕಾಹ್‌ಗೂ ಬರಲಿಲ್ಲ. ನೀನೀಗ ಯಾವ ಊರಿನಲ್ಲಿದ್ದೀಯೋ ತಿಳಿಯದು.

ಚೀಟಿ ಕೊಡುತ್ತಾ ಡಾಕ್ಟರು ಹೇಳಿದರು: "ಮೊದಲ ಮಾತ್ರೆಗೆ ತಲೆ ಸುತ್ತಬಹುದು. ಅವತ್ತು ಜೊತೆಗೆ ಯಾರಾದ್ರೂ ಇರ್ಲಿ. ಇದ್ದಾರಲ್ವಾ?"

ಇದ್ದಾರೆ ಎಂದೆ.