ಫಕ್ಕೀರೇಶ ಬಡಿಗೇರ ಹೇಳದೆ ಉಳಿಸಿದ ಮಾತು

ಬೆಟಗೇರಿ
ಇಸವಿ ಎರಡು ಸಾವಿರದ ನೂರ ಐವತ್ತೆಂಟು, ಎರಡನೆಯ ಬೇಸಿಗೆಯ ಹನ್ನೊಂದನೆಯ ದಿನ

ಮಾನ್ಯ ಅಂದಾನೆಪ್ಪ ಅಸೂಟಿ, ನಿವೃತ್ತ ಬಸ್ ಕಂಡಕ್ಟರ್, ಇವರಿಗೆ ದ್ಯಾಮವ್ವ ಮಾಡುವ ನಮಸ್ಕಾರಗಳು.

ಮೇಲಿನ ತಾರೀಖು ಓದಿ ಇದು ಯಾರದೋ ಚೇಷ್ಟೆ ಎಂದು ನಿಮಗೆ ಅನ್ನಿಸಿದರೆ ತಪ್ಪಿಲ್ಲ. ನಮ್ಮಲ್ಲಿ ಈಗ ವರ್ಷಕ್ಕೆ ಎರಡು ಬೇಸಿಗೆ. ನನ್ನ ಕನ್ನಡವೂ ನಿಮಗೆ ವಿಚಿತ್ರವಾಗಿ ಕೇಳಿಸಬಹುದು, ಮನ್ನಿಸಿ. ಓದು ಬರಹವನ್ನು ನನಗೆ ಯಾರೂ ಕೂರಿಸಿಕೊಂಡು ಕಲಿಸಲಿಲ್ಲ. ವಾಲಿಬಾಲ್ ಪಂದ್ಯಾವಳಿಯ ಕರಪತ್ರಗಳನ್ನು ಓದಿ ಓದಿ ಕಲಿತೆ. ಅವು ನಿಮ್ಮ ಕರಪತ್ರಗಳು. ನಿಮ್ಮ ಮಂಚದ ಕೆಳಗಿನ ತಗಡಿನ ಟ್ರಂಕಿನಲ್ಲಿದ್ದವು. ಈ ಪತ್ರವೂ ಅದೇ ಟ್ರಂಕಿನಲ್ಲಿ ನಿಮಗೆ ಸಿಕ್ಕಿರುತ್ತದೆ. ಇಂಥದ್ದಕ್ಕೆ ನಾವು ಹಿಂದೋಲೆ ಎನ್ನುತ್ತೇವೆ. ಕಾಲದಲ್ಲಿ ಹಿಂದಕ್ಕೆ ಹೋಗುವ ಓಲೆ. ಅದು ಕಾಗದದ ಮೇಲೆಯೇ ಇರಬೇಕು, ಎರಡೂ ಕಾಲದಲ್ಲಿ ಇರುವ ಒಂದೇ ಪೆಟ್ಟಿಗೆಯಲ್ಲಿಯೇ ಇಡಬೇಕು. ಒಬ್ಬರಿಗೆ ಜೀವಮಾನದಲ್ಲಿ ಒಂದೇ ಓಲೆ ಕಳಿಸುವ ಹಕ್ಕು. ಹೆಚ್ಚಿನವರು ತಮ್ಮ ಅಜ್ಜಿಗೆ ಬರೆಯುತ್ತಾರೆ. ನನ್ನ ಅವ್ವ ತನ್ನ ಓಲೆಯನ್ನು ಖರ್ಚು ಮಾಡಿದ್ದು ಮುತ್ತಜ್ಜಿಯ ಗುರೆಳ್ಳು ಚಟ್ನಿಗೆ ಎಷ್ಟು ಬೆಳ್ಳುಳ್ಳಿ ಎಂದು ಕೇಳಲು. ನಾನು ನನ್ನದನ್ನು ರಕ್ತ ಸಂಬಂಧವಿಲ್ಲದ ನಿಮಗೆ ಬರೆಯುತ್ತಿದ್ದೇನೆಂದು ಅವ್ವ ಮೂರು ದಿನ ಮಾತು ಬಿಟ್ಟಿದ್ದಳು.

ನಾನು ಇರುವ ಲೋಕದ ಬಗ್ಗೆ ಸ್ವಲ್ಪ ಹೇಳಬೇಕು, ಇಲ್ಲದಿದ್ದರೆ ನನ್ನ ಕೋರಿಕೆ ನಿಮಗೆ ಹುಚ್ಚಾಟ ಎನ್ನಿಸುತ್ತದೆ. ಬೆಟಗೇರಿಯಲ್ಲಿ ಈಗಲೂ ಮಗ್ಗಗಳಿವೆ, ಈಗಲೂ ಸಂಜೆ ಗಾಳಿ ಬಿಟ್ಟಾಗ ಹತ್ತಿಯ ಎಳೆ ಹಾರಿ ಕೂದಲಿಗೆ ಅಂಟುತ್ತದೆ. ಬೆಳಿಗ್ಗೆ ಹನ್ನೊಂದರಿಂದ ಸಂಜೆ ಐದರವರೆಗೆ ಯಾರೂ ಹೊರಗೆ ಬರುವುದಿಲ್ಲ, ಅಷ್ಟು ಬಿಸಿಲು. ಐದಕ್ಕೆ ಗಂಟೆ ಬಾರಿಸುತ್ತಾರೆ, ಆಗ ಓಣಿಯ ಬಾಗಿಲೆಲ್ಲ ಒಟ್ಟಿಗೆ ತೆರೆಯುತ್ತವೆ, ನಾವು ಹೆಣ್ಣುಮಕ್ಕಳು ಬಲೆ ಕಟ್ಟುತ್ತೇವೆ. ಹೌದು, ನಿಮ್ಮ ವಾಲಿಬಾಲ್ ಉಳಿದಿದೆ. ನೀವು ಲಿಫ್ಟರ್ ಎನ್ನುತ್ತಿದ್ದವರನ್ನು ನಾವು ಎತ್ತುಗಾರ ಎನ್ನುತ್ತೇವೆ. ಎರಡನೆಯ ಏಟು ಅವರದು. ಬಂದ ಚೆಂಡನ್ನು ಬೆರಳ ತುದಿಯಿಂದ ಎತ್ತಿ, ಹೊಡೆಯುವವರಲ್ಲಿ ಯಾರಿಗೆ ಕೊಡಬೇಕೆಂದು ಅವರೇ ನಿರ್ಧರಿಸಬೇಕು. ನಾನೂ ಎತ್ತುಗಾರ್ತಿ.

ಇನ್ನು ಊಹೆಗಣ್ಣು. ಅಂಗಿಯ ಗುಂಡಿಯಷ್ಟು ಚಿಕ್ಕ ಯಂತ್ರ ಅದು. ಮನುಷ್ಯನ ಭುಜ, ಸೊಂಟ, ಕಣ್ಣಿನ ಚಲನೆ ನೋಡಿ, ಆತ ಮುಂದೆ ಏನು ಮಾಡುತ್ತಾನೆಂದು ಹೇಳಿಬಿಡುತ್ತದೆ. ಮೊದಲು ಅದನ್ನು ಆಟದ ಬಯಲಿಗೆ ತಂದರು, ಯಾರು ಯಾವ ಕಡೆ ಚೆಂಡು ಎತ್ತುತ್ತಾರೆಂದು ಮೊದಲೇ ತಿಳಿಯಲು. ಆಮೇಲೆ ಶಾಲೆಗೆ ತಂದರು. ಈಗ ಹನ್ನೆರಡು ತುಂಬಿದ ಪ್ರತಿ ಮಗುವನ್ನೂ ಅದರ ಮುಂದೆ ಅರ್ಧ ದಿನ ನಿಲ್ಲಿಸುತ್ತಾರೆ. ಈ ಮಗು ಏನಾಗಬಹುದು, ಏನಾಗಲಾರದು ಎಂದು ಅದು ಹೇಳುತ್ತದೆ. ಅದು ಹೇಳಿದ್ದಕ್ಕೆ ಪಾಲು ಎನ್ನುತ್ತಾರೆ. ನನಗೆ ಬಂದ ಪಾಲು ಕಾಗದ ಕರಗಿಸುವ ಮನೆ. ಅಕ್ಷರ ಕಲಿಸುವುದು ವ್ಯರ್ಥ ಎಂದಿತ್ತು. ಹಳೆಯ ಕಾಗದವನ್ನು ನೀರಿನ ಹೊಂಡಕ್ಕೆ ಎಸೆಯುವುದು ನನ್ನ ಕೆಲಸ. ಹಾಗೆ ಎಸೆಯಲು ಬಂದ ಸಾಮಾನಿನಲ್ಲಿ ನಿಮ್ಮ ಟ್ರಂಕು ಇತ್ತು.

ಅದರಲ್ಲಿ ನಲವತ್ತೇಳು ಕರಪತ್ರಗಳು. ಮುಂದೆ ದಪ್ಪ ಅಕ್ಷರದಲ್ಲಿ ಪಂದ್ಯಾವಳಿಯ ಹೆಸರು, ಒಂದನ್ನು ಬಿಟ್ಟು ಎಲ್ಲದರ ಹಿಂದೆ ಪೆನ್ಸಿಲಿನಲ್ಲಿ ನಿಮ್ಮ ಬರಹ. ಮೊದಲ ಹನ್ನೊಂದರಲ್ಲಿ ನೀವು ಬರೆದದ್ದು ನನಗೆ ಬಾಯಿಪಾಠ ಬರುತ್ತದೆ. "ಇವತ್ತು ಫಕ್ಕೀರೇಶ ಅರವತ್ತೊಂದು ಬಾಲ್ ಎತ್ತಿದ. ಎರಡು ಕೆಟ್ಟವು. ಒಂದಕ್ಕೆ ಬಿಸಿಲು ಕಾರಣ." "ಬಾಲ್ ಅವನ ಕೈಯಾಗ ನಿಂತಂಗ ಕಾಣ್ತದ, ನಿಲ್ಲಾಂಗಿಲ್ಲ." "ಹೊಡೆಯುವ ಹುಡುಗನ ಕಾಲು ನೋವು ಅಂತ ತಿಳಿದು ಬಾಲ್ ಒಂದು ಗೇಣು ಕೆಳಗೆ ಕೊಟ್ಟ. ಯಾರಿಗೂ ಹೇಳಲಿಲ್ಲ." ಒಬ್ಬ ಕಾಲೇಜು ಹುಡುಗನ ಆಟವನ್ನು ಇಷ್ಟು ಪ್ರೀತಿಯಿಂದ ನೋಡಿದ ಇನ್ನೊಬ್ಬರನ್ನು ನಾನು ಎಲ್ಲಿಯೂ ಓದಿಲ್ಲ. ಅಕ್ಷರ ಕೂಡಿಸಲು ಬಾರದ ನನಗೆ ನೀವು ಮೊದಲ ಮಾಸ್ತರರು.

ಟ್ರಂಕಿನ ಮೂಲೆಯಲ್ಲಿ ಉಗುರಿನಷ್ಟು ಚಿಕ್ಕ ಮೊಬೈಲಿನ ಬಿಲ್ಲೆಯೂ ಇತ್ತು, ನೀವು ಮೆಮೊರಿ ಕಾರ್ಡ್ ಎನ್ನುವುದು. ಅದರಲ್ಲಿ ಎರಡು ವಿಡಿಯೋ ಚಿತ್ರ. ಒಂದು, ಮದುವೆಯ ವಿಡಿಯೋ ತೆಗೆಯುವವರು ನಿಮ್ಮ ಇಸವಿ ಎರಡು ಸಾವಿರದ ನಾಲ್ಕರಲ್ಲಿ ಕಾಲೇಜು ಮೈದಾನದಲ್ಲಿ ತೆಗೆದದ್ದು. ಹದಿನಾಲ್ಕೇ ಸೆಕೆಂಡು. ಫಕ್ಕೀರೇಶ ಮೂರು ಸಲ ಚೆಂಡು ಎತ್ತುತ್ತಾರೆ. ಮೂರನೆಯದು ನೀವು ಬೆನ್ನ ಬಾಲ್ ಎಂದು ಕರೆದದ್ದು. ಮೈಯೆಲ್ಲ ಎಡಕ್ಕೆ, ಮುಖ ಎಡಕ್ಕೆ, ಚೆಂಡು ಮಾತ್ರ ಬೆನ್ನ ಹಿಂದಿನಿಂದ ಬಲಕ್ಕೆ. ಎದುರಿನ ಮೂವರೂ ಎಡಗಡೆ ಹಾರಿ ಬರಿಗೈಯಲ್ಲಿ ಇಳಿಯುತ್ತಾರೆ. ಸುತ್ತ ನಿಂತ ಇನ್ನೂರು ಜನರ ತಲೆಯೂ ಎಡಕ್ಕೇ ತಿರುಗಿದೆ. ಅದರಲ್ಲಿ ಖಾಕಿ ಅಂಗಿಯ ನಿಮ್ಮ ತಲೆಯೂ ಇದೆ, ಅಂದಾನೆಪ್ಪನವರೇ. ಹನ್ನೊಂದು ಪಂದ್ಯ ನೋಡಿದ ನೀವೂ ಮೋಸ ಹೋದಿರಿ. ನನಗೆ ಅದು ಬಹಳ ಖುಷಿ ಕೊಟ್ಟಿತು.

ಆ ಚಿತ್ರವನ್ನು ನಾನು ಊಹೆಗಣ್ಣಿನ ಮುಂದೆ ಹಿಡಿದೆ. ನೂರಕ್ಕೆ ತೊಂಬತ್ತೆಂಟು ಸಲ ಸರಿ ಹೇಳುವ ಯಂತ್ರ ಮೂರಕ್ಕೆ ಮೂರೂ ತಪ್ಪು ಹೇಳಿತು. ಇನ್ನೊಮ್ಮೆ ಹಿಡಿದೆ, ಮತ್ತೆ ತಪ್ಪು. ಓಣಿಯ ಹೆಣ್ಣುಮಕ್ಕಳನ್ನೆಲ್ಲ ಕರೆದು ತೋರಿಸಿದೆ. ಆ ಸಂಜೆ ನಾವು ಬಲೆ ಕಟ್ಟಲಿಲ್ಲ, ಸುಮ್ಮನೆ ಅದನ್ನೇ ನೋಡುತ್ತ ಕುಳಿತೆವು. ಓದಲಾಗದ ಒಬ್ಬ ಮನುಷ್ಯ ನಮ್ಮೂರಿನಲ್ಲೇ ಇದ್ದ!

ಆತನನ್ನು ನಿಮ್ಮ ಕಾಲದವರೂ ಅಳೆದಿದ್ದರು ಎಂದು ನಿಮ್ಮ ಹನ್ನೆರಡನೆಯ ಕರಪತ್ರದಿಂದ ತಿಳಿಯಿತು. ರಾಜ್ಯದ ತಂಡದ ಶಿಬಿರಕ್ಕೆ ಹೋದಾಗ ಗೋಡೆಗೆ ಸುಣ್ಣದ ಗೆರೆ ಎಳೆದು ಹುಡುಗರನ್ನು ಸಾಲಾಗಿ ನಿಲ್ಲಿಸಿದರು. ಫಕ್ಕೀರೇಶರ ತಲೆ ಗೆರೆಗಿಂತ ನಾಲ್ಕು ಇಂಚು ಕೆಳಗಿತ್ತು. ಎರಡನೆಯ ದಿನವೇ ಬಸ್ಸು ಹತ್ತಿಸಿದರು. ಅವರ ಕೈಯಲ್ಲಿ ಒಂದು ಚೆಂಡು ಕೊಟ್ಟು ನೋಡಲಿಲ್ಲ. ಇದನ್ನು ಓದಿದಾಗ ನನಗೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ. ಇಳಿಯುವುದೂ ಬೇಡ.

ಆದರೆ ಅಂದಾನೆಪ್ಪನವರೇ, ನಾನು ನಿಮ್ಮ ಶಿಷ್ಯೆ, ಆದ್ದರಿಂದ ನೇರವಾಗಿ ಹೇಳಬೇಕು. ಹನ್ನೆರಡನೆಯ ಕರಪತ್ರದ ನಂತರ ನೀವು ಆಟದ ಬಗ್ಗೆ ಒಂದು ಅಕ್ಷರ ಬರೆದಿಲ್ಲ. ಕೊನೆಯ ಎರಡನ್ನು ಬಿಟ್ಟು ಉಳಿದ ಮೂವತ್ತಮೂರು ಕರಪತ್ರಗಳ ಹಿಂದೆ ಒಂದೇ ಮಾತು. "ಇವತ್ತು ಫಕ್ಕೀರೇಶ ಇದ್ದಿದ್ದರೆ." "ಅವನು ಇಂಡಿಯಾಕ್ಕೆ ಆಡಬೇಕಿತ್ತು." ಇಪ್ಪತ್ತೆರಡು ವರ್ಷ ಆಗಬೇಕಿತ್ತು, ಆಗಬೇಕಿತ್ತು. ಆತ ಅಷ್ಟರಲ್ಲಿ ಎಲ್ಲಿದ್ದರು? ನಿಮ್ಮ ಮನೆಯಿಂದ ಮೂರು ಓಣಿ ಆಚೆ, ಮೋಟಾರು ವೈಂಡಿಂಗ್ ಅಂಗಡಿಯಲ್ಲಿ ಅದೇ ಬೆರಳುಗಳಿಂದ ತಾಮ್ರದ ತಂತಿ ಸುತ್ತುತ್ತಿದ್ದರು.

ಬಿಲ್ಲೆಯ ಎರಡನೆಯ ಚಿತ್ರ ನಿಮಗೆ ನೆನಪಿರಬೇಕು. ಕಳೆದ ದಸರೆಯಲ್ಲಿ, ಮೈದಾನದ ಪಕ್ಕದ ಚಹದಂಗಡಿಯ ಮೌಲಾಸಾಬರ ಅಳಿಯ ತನ್ನ ಹೊಸ ಬೈಕಿನ ಚಿತ್ರ ತೆಗೆದ. ಅದರಲ್ಲಿ ಫಕ್ಕೀರೇಶ ಒಂದು ಗಳಿಗೆ ಕಾಣುತ್ತಾರೆಂದು ನೀವು ಅದನ್ನು ಕೇಳಿ ಪಡೆದಿಟ್ಟಿರಿ. ಬೈಕು ತುಂಬ ಕಾಣುತ್ತದೆ, ನೀವು ಕಡಿಮೆ. ಆದರೆ ಮಾತು ಸ್ಪಷ್ಟವಾಗಿದೆ. ಕೇಳಿ ಕೇಳಿ ನಾನು ಬರೆದುಕೊಂಡದ್ದನ್ನು ಇಲ್ಲಿ ಇಡುತ್ತೇನೆ.

ಮೊದಲು ನಿಮ್ಮ ದನಿ: "ಏ ಫಕ್ಕೀರ್ಯಾ, ಬಾರೋ ಇಲ್ಲೆ! ಮೌಲಾಸಾಬ್ರ, ಇವಗೊಂದು ಚಾ ಕೊಡ್ರಿ. ನನ್ನ ಹೆಸರಿಗೆ."

ಮೌಲಾಸಾಬರು: "ನಿಮ್ಮ ಹೆಸರಿಗೆ ಕೊಟ್ಟು ಕೊಟ್ಟು ನನ್ನ ಗ್ಲಾಸ್ ಸವದಾವ್ರಿ ಕಂಡಕ್ಟರ್ ಸಾಹೇಬ್ರ. ಫಕ್ಕೀರಣ್ಣ, ಕೂಡ್ರಿ. ಈಗ ನೋಡ್ರಿ, ಆ ಬೆನ್ನ ಬಾಲಿನ ಕಥಿ ಚಾಲೂ ಆಕ್ಕೈತಿ. ನಾನರ ಸಾವಿರ ಸಲ ಕೇಳೇನಿ."

ನೀವು: "ಕೇಳು, ಕೇಳು. ಪುಣ್ಯಾ ಬರ್ತೈತಿ. ಮೂರೂ ಮಂದಿ ಅತ್ಲಾಗ ಹಾರಿದ್ರಪಾ, ಬಾಲ್ ಇತ್ಲಾಗ! ಅಲ್ಲಲೇ ಫಕ್ಕೀರ್ಯಾ, ಹೆಂಗ ಹೊಡದಿ ಅದನ್ನ?"

ಫಕ್ಕೀರೇಶ ನಗುತ್ತಾರೆ. ಬೆಂಚು ಕಿರ್ ಎನ್ನುತ್ತದೆ. ಆಮೇಲೆ ಮೆತ್ತಗೆ: "ಅದರಾಗ ಹೆಚ್ಚಿಂದೇನಿಲ್ರಿ ಕಾಕಾ. ಎದುರಿನಾವ ನನ್ನ ಕಣ್ಣ ನೋಡಾಕತ್ತಿದ್ದ. ನಾ ಬಾಲ್ ನೋಡಿದ್ದಿಲ್ರಿ. ಬಾಲ್ ಕೈಗೆ ಬರೂಕಿಂತ ಮೊದಲ ನಾ ನೋಡತಿದ್ದಿದ್ದು..."

ಆಗ ನೀವು: "ಅದೆಲ್ಲಾ ಇರ್ಲಿ ಬಿಡೋ ತಮ್ಮಾ! ನಾಕ ಇಂಚು! ನಾಕ ಇಂಚು ಎತ್ತರ ಇದ್ದಿದ್ರ ಇವತ್ತ ನೀ ಇಂಡಿಯಾ ಟೀಮಿನ್ಯಾಗ ಇರ್ತಿದ್ದಿ. ನನ್ನ ಹೊಟ್ಟಿ ಉರೀತೈತಿ ನೋಡು."

ಫಕ್ಕೀರೇಶ: "ಹೂಂ ರೀ ಕಾಕಾ." ಬೆಂಚು ಮತ್ತೆ ಕಿರ್ ಎನ್ನುತ್ತದೆ. "ಬರ್ತೇನ್ರಿ. ವೈಂಡಿಂಗ್ ಅರ್ಧಕ್ಕ ಬಿಟ್ಟ ಬಂದೇನಿ."

ಮೌಲಾಸಾಬರು: "ಚಾ ಕುಡೀಲಿಲ್ಲಲ್ಲರೀ ಅವರು!"

ಅಷ್ಟೇ. ಅವರು ಏನನ್ನು ನೋಡುತ್ತಿದ್ದರು? ನೀವು ಕೇಳಿದ್ದು ಸರಿಯಾದ ಪ್ರಶ್ನೆಯನ್ನೇ. ಇಪ್ಪತ್ತೆರಡು ವರ್ಷಗಳಲ್ಲಿ ಒಬ್ಬರಾದರೂ ಕೇಳಿದ್ದು ಅದೊಂದೇ ಸಲ ಇರಬೇಕು. ಉತ್ತರ ಬಾಯಿಗೆ ಬಂದಿತ್ತು. ನಿಮ್ಮ ಪ್ರೀತಿಯೇ ಅದನ್ನು ತಡೆಯಿತು. ಆ ಸುಣ್ಣದ ಗೆರೆಯನ್ನು ನೀವೇ ಮತ್ತೆ ಅವರ ತಲೆಯ ಮೇಲೆ ಎಳೆದಿರಿ. ಕಟುವಾಗಿ ಹೇಳಿದ್ದಕ್ಕೆ ಕ್ಷಮೆ ಕೇಳುವುದಿಲ್ಲ. ಕಾಗದ ಕರಗಿಸುವ ಮನೆಯಲ್ಲಿ ಹತ್ತು ವರ್ಷ ಕಳೆದವಳಿಗೆ, ಏನಾಗಲಾರೆ ಎಂದು ಎದುರಿಗೇ ಹೇಳಿಸಿಕೊಳ್ಳುವುದು ಹೇಗಿರುತ್ತದೆಂದು ಗೊತ್ತು.

ಈಗ ನನ್ನ ಅವಸರ ಏನೆಂದು ಹೇಳುತ್ತೇನೆ. ಇನ್ನು ಹದಿನೆಂಟು ದಿನಕ್ಕೆ ಊರ ಸಭೆ ಕೂಡುತ್ತದೆ. ಪಾಲು ಹಂಚುವುದನ್ನು ನಿಲ್ಲಿಸಬೇಕೋ ಮುಂದುವರಿಸಬೇಕೋ ಎಂದು ಕೈ ಎತ್ತಿಸುತ್ತಾರೆ. ನಿಲ್ಲಿಸಬೇಕೆಂದು ಅರ್ಜಿ ಹಾಕಿದವಳು ನಾನು. ಹದಿನಾಲ್ಕು ಸೆಕೆಂಡಿನ ಚಿತ್ರ ನನ್ನ ಸಾಕ್ಷಿ. ಅದನ್ನು ನೋಡಿದ ಸಭೆಯ ಹಿರಿಯಳು ನೀಲಮ್ಮ ಎಲ್ಲರ ಮುಂದೆ ನಕ್ಕಳು. "ಒಬ್ಬಾತ ಮೂರು ಸಲ ಯಂತ್ರಾ ತಪ್ಪಿಸಿದಾ ಅಂತ ಯಂತ್ರಾನ ಹೊಂಡಕ್ಕ ಒಗಿಯೂಣೇನ? ಅಂವಾ ಹೋಗಿ ನೂರ ವರ್ಷಾತು. ನೀ ಎತ್ತಿ ತೋರಸವ್ವಾ ಎತ್ತುಗಾರ್ತಿ, ಆಮ್ಯಾಲೆ ಮಾತಾಡು." ಆಕೆಯ ಮಾತಿನಲ್ಲಿ ನ್ಯಾಯವಿದೆ, ಅದೇ ನನಗೆ ಸಂಕಟ. ಮೂರು ವರ್ಷದಿಂದ ದಿನವೂ ಬೆನ್ನ ಬಾಲ್ ಎತ್ತುತ್ತಿದ್ದೇನೆ. ನಲವತ್ತಕ್ಕೆ ಒಂದು ಸಲ ಊಹೆಗಣ್ಣು ತಪ್ಪುತ್ತದೆ. ಏಕೆ ತಪ್ಪಿತೆಂದು ನನಗೇ ತಿಳಿಯುವುದಿಲ್ಲ. ನನ್ನ ಕಣ್ಣು ಎಲ್ಲೋ ಗುಟ್ಟು ಬಿಟ್ಟುಕೊಡುತ್ತಿದೆ. ಚೆಂಡನ್ನು ನೋಡದಿದ್ದರೆ ಮತ್ತೇನನ್ನು ನೋಡಬೇಕು? ಮೇಲಿನ ಗಾಳಿಯನ್ನೇ, ಹೊಡೆಯುವವನ ಕಾಲನ್ನೇ, ಎದುರಿನವನ ಎದೆಯನ್ನೇ? ಎಲ್ಲವನ್ನೂ ಮಾಡಿ ನೋಡಿದೆ. ಸಭೆ ಕಳೆದ ನಾಲ್ಕನೆಯ ದಿನ ನನ್ನ ಅಕ್ಕನ ಮಗಳಿಗೆ ಹನ್ನೆರಡು ತುಂಬುತ್ತದೆ. ಆಕೆಯನ್ನು ಆ ಊಹೆಗಣ್ಣಿನ ಮುಂದೆ ನಿಲ್ಲಿಸಲು ನನಗೆ ಇಷ್ಟವಿಲ್ಲ.

ನಿಮಗೂ ಹೆಚ್ಚು ಸಮಯವಿಲ್ಲ. ನೀವು ಇನ್ನೂ ಬರೆಯದಿರುವ, ಆದರೆ ನನ್ನ ಕೈಯಲ್ಲಿರುವ ಕೊನೆಯ ಕರಪತ್ರದ ಹಿಂದೆ ಹೀಗಿದೆ: "ಯುಗಾದಿ ಮುಗಿದ ಮರುವಾರ ಫಕ್ಕೀರೇಶ ಅಂಗಡಿ ಮುಚ್ಚಿದ. ಹೊಸಪೇಟೆ ಕಡೆ ಹೋದ ಅಂತಾರೆ. ನನಗೆ ಹೇಳಲೂ ಇಲ್ಲ." ಆಮೇಲೆ ಅವರ ಸುದ್ದಿ ನಮಗೆ ಎಲ್ಲಿಯೂ ಸಿಕ್ಕಿಲ್ಲ.

ಆದ್ದರಿಂದ ಕೇಳುತ್ತೇನೆ. ಯುಗಾದಿಗೆ ಮುಂಚೆ ಒಂದು ದಿನ ಅವರ ಅಂಗಡಿಗೆ ಹೋಗಿ. ಚಹದಂಗಡಿಗೆ ಕರೆಯಬೇಡಿ, ನೀವೇ ಹೋಗಿ. ನಾಲ್ಕು ಇಂಚಿನ ಮಾತು ತೆಗೆಯಬೇಡಿ, ಇಂಡಿಯಾದ ಮಾತು ತೆಗೆಯಬೇಡಿ. ಅವರು ಸೋತವರೆಂಬ ಮರುಕ ನಿಮ್ಮ ಮುಖದಲ್ಲಿ ಕಾಣದಿರಲಿ. ನೂರ ಐವತ್ತು ವರ್ಷ ಯಾವ ಯಂತ್ರವೂ ಯಾವ ಕೈಯೂ ಮುಟ್ಟಲಾಗದ್ದನ್ನು ಆ ಮನುಷ್ಯ ಇಪ್ಪತ್ತನೆಯ ವಯಸ್ಸಿಗೇ ಮಾಡಿ ಮುಗಿಸಿದ್ದಾರೆ. ಅವರ ಮುಂದೆ ಕಲಿಯಲು ಬಂದವರ ಹಾಗೆ ಕುಳಿತು, ಬೆನ್ನ ಬಾಲ್ ಎತ್ತುವ ಮೊದಲು ಏನನ್ನು ನೋಡುತ್ತಿದ್ದಿರಿ ಎಂದು ಕೇಳಿ. ಮೊದಲಿನ ಹನ್ನೊಂದು ಕರಪತ್ರಗಳಲ್ಲಿ ಬರೆದ ಹಾಗೆಯೇ, ಕಂಡದ್ದನ್ನು ಕಂಡ ಹಾಗೆ, ಅದಕ್ಕೂ ಹಿಂದಿನದು, ಯುಗಾದಿಗೆ ಮುಂಚೆ ನಿಮ್ಮ ಕೈಗೆ ಬಂದ ಈ ವರ್ಷದ ಕರಪತ್ರದ ಹಿಂದೆ ಬರೆದಿಡಿ. ಆ ಹಾಳೆಯ ಬೆನ್ನು ನನ್ನ ಹತ್ತಿರ ಈಗ ಖಾಲಿ ಇದೆ. ಹಿಂದೋಲೆ ತಲುಪಿದರೆ ಖಾಲಿ ಹಾಳೆಯಲ್ಲಿ ಬರಹ ಮೂಡುತ್ತದೆಂದು ಹಿರಿಯರು ಹೇಳುತ್ತಾರೆ. ನಾನು ಕಣ್ಣಾರೆ ಕಂಡಿಲ್ಲ.

ಒಂದು ವೇಳೆ ಅವರು "ಗೊತ್ತಿಲ್ರಿ ಕಾಕಾ" ಎಂದರೆ ಅದನ್ನೇ ಬರೆಯಿರಿ. ಸಭೆಯಲ್ಲಿ ನಾನು ಸೋಲಬಹುದು. ಸೋತರೂ, ಅವರನ್ನು ಒಮ್ಮೆಯಾದರೂ ಸರಿಯಾಗಿ ಕೇಳಿದರು ಎಂಬುದು ನನಗೆ ಸಾಕು. ಮೂವತ್ತು ವರ್ಷ ಬಸ್ಸಿನಲ್ಲಿ ಕೂಗಿದ ನಿಮಗೆ ಬಾಯಿ ಮುಚ್ಚಿ ಕುಳಿತುಕೊಳ್ಳುವುದು ಕಷ್ಟ ಎಂದು ಬಲ್ಲೆ. ಅವರು ಮೆಲ್ಲಗೆ ಮಾತಾಡುವವರು, ನಡುನಡುವೆ ತಡೆಯುತ್ತಾರೆ, ತಂತಿಯ ಕಡೆ ನೋಡಬಹುದು. ಅವರು ಮಾತು ನಿಲ್ಲಿಸಿದರೆ ಮುಗಿಯಿತೆಂದು ತಿಳಿದು ಏಳಬೇಡಿ, ಅಂದಾನೆಪ್ಪನವರೇ. ಇನ್ನೂ ಸ್ವಲ್ಪ ಹೊತ್ತು ಅಲ್ಲೇ ಕುಳಿತಿರಿ.

ನಿಮ್ಮಿಂದ ಅಕ್ಷರ ಕಲಿತ
ದ್ಯಾಮವ್ವ
ಕಾಗದ ಕರಗಿಸುವ ಮನೆ, ಬೆಟಗೇರಿ