ಮಾಲಿವನ್ ಹಾಕಿದ ಹಾರ

ಏಪ್ರಿಲ್ 24, ಗುರುವಾರ. ರಯೋಂಗ್, ಥಾಯ್ಲೆಂಡ್.

ನೀರು ತಣ್ಣಗೆ ಮಾಡೋ ಹೊಸ ಚಿಲ್ಲರ್‌ಗೆ ಇವತ್ತು ಮಲ್ಲಿಗೆ ಹಾರ ಹಾಕಿದ್ದು ನನ್ನ ಕಿರಿಯ ಸಹೋದ್ಯೋಗಿ ಮಾಲಿವನ್. ಯಂತ್ರ ಆರಿಸಿದವರೇ ಹಾರ ಹಾಕೋದು ನಮ್ಮ ಪ್ಲಾಸ್ಟಿಕ್ ಕಾರ್ಖಾನೆಯ ಪದ್ಧತಿ. ಹದಿನಾಲ್ಕು ವರ್ಷ ನಾನೇ ಹಾಕಿದ್ದೆ.

ನಾನು ಆರಿಸಿದ್ದ ಹಳೆಯದು ಬೇಸಿಗೆ ಮಧ್ಯಾಹ್ನವೆಲ್ಲ ಕೈಕೊಡುತ್ತಿತ್ತು. ಹೊರಗಿನ ಗಾಳಿಯ ಬಿಸಿ ಮೂವತ್ತೈದು ಡಿಗ್ರಿ ಅಂತ ಕ್ಯಾಟಲಾಗ್ ಲೆಕ್ಕ ಹಾಕಿದ್ದನ್ನು ನಂಬಿದ್ದೆ. ಇವಳು ಶೆಡ್ಡಿನ ಹಿಂದೆ ವಾರವಿಡೀ ಥರ್ಮಾಮೀಟರ್ ನೇತುಹಾಕಿ, ನಲವತ್ನಾಲ್ಕು ಅಂತ ತೋರಿಸಿ, ಅದಕ್ಕೆ ತಕ್ಕದ್ದನ್ನೇ ತರಿಸಿದಳು.

"ಅಣ್ಣಾ, ಗಂಟು ನೀವೇ ಹಾಕಿ. ನಂಗೆ ಎಟುಕ್ತಿಲ್ಲ," ಅಂದಳು. ಎಟುಕುತ್ತಿತ್ತು.

"ಕೈಯೆಲ್ಲ ಎಣ್ಣೆ," ಅಂದೆ. ಇರಲಿಲ್ಲ.

ಎರಡು ಗಂಟೆಯ ಉರಿಬಿಸಿಲಲ್ಲಿ ಯಾರಿಗೂ ಕಾಣದ ಹಾಗೆ ಹೋಗಿ, ಬಿಸಿಯಾಗಿರಲಿ ಅಂತ ಬೇಡಿಕೊಂಡೇ ಹೊಸ ಯಂತ್ರದಿಂದ ಬರೋ ನೀರಿನ ವಾಲ್ವ್ ಮುಟ್ಟಿದೆ. ತಣ್ಣಗೆ ಕೊರೆಯುತ್ತಿತ್ತು. ಹಾಳು ಸೆಖೆ, ಕೈ ತೆಗೆಯೋಕೇ ಮನಸ್ಸಾಗಲಿಲ್ಲ. ಇನ್ನೊಂದು ಕೈಯನ್ನೂ ಇಟ್ಟೆ. ಆಮೇಲೆ ಕೆನ್ನೆಯನ್ನೂ.